30 ಇಂಚಿನ ಮಾವ

ಕೊಡಗಿನ ಯಾವ ಮದುವೆಗೆ ಹೋದರೂ ಇಂಥ ಮಾವನೊಬ್ಬರು ಸಿಕ್ಕೇ ಸಿಗುತ್ತಾರೆ. ಮಿಲಿಟರಿಯಿಂದ ನಿವೃತ್ತಿ, ಒಂದಿಷ್ಟು ಕಾಫಿ ತೋಟ, ಅಜ್ಜನ ಕಾಲದ 12 ಬೋರಿನ ಜೋಡುನಳಿಗೆ ಕೋವಿ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೋವಿಯ ಮಾತಿಗಂತೂ ಲೈಸೆನ್ಸ್ ಯಾರಿಗೂ ಬೇಡ. ಹೇಗಿದ್ದೀರಿ ಎಂದು ಕೇಳಿದರೆ ಮಾವ ನಳಿಗೆಯ ಉದ್ದ ಹೇಳುತ್ತಾರೆ. "30 ಇಂಚು ಮಗಾ! 26 ಇಂಚಿನದ್ದೂ ಒಂದು ಕೋವಿಯಾ? ಒಲೆ ಊದುವ ಕೊಳವೆ!"

ಮಾವನದು ಪೂರ್ತಿ ಬುರುಡೆಯೇನಲ್ಲ. ಉದ್ದ ನಳಿಗೆಗೆ ಮುಂಭಾರ ಹೆಚ್ಚು. ತಿರುಗಲು ತುಸು ತಡ, ತಿರುಗಿದ ಮೇಲೆ ಸಲೀಸು. ಹಾರುವ ಗುರಿಗೆ ಅದೇ ಬೇಕು. ಗುರಿಗಿಂತ ಮುಂದಕ್ಕೆ ಹೊಡೆಯಬೇಕು, ಟ್ರಿಗರ್ ಎಳೆದ ಮೇಲೂ ಕೋವಿ ಸಾಗುತ್ತಲೇ ಇರಬೇಕು. ನಿಲ್ಲಿಸಿದಿರೋ, ಚರೆಯೆಲ್ಲ ಬಾಲದ ಹಿಂದೆ. ಗಿಡ್ಡ ನಳಿಗೆ ಬೇಗ ಹೊರಳುತ್ತದೆ, ಅಷ್ಟೇ ಬೇಗ ನಿಂತೂ ಬಿಡುತ್ತದೆ. ಹಾರುವ ಬಿಲ್ಲೆಗೆ ಗುರಿಯಿಡುವ ಟ್ರ್ಯಾಪ್ ಸ್ಪರ್ಧೆಯವರು 30, 32 ಇಂಚನ್ನು ನೆಚ್ಚುವುದು ಇದಕ್ಕೇ. ಇದನ್ನು ಮಾವ ಕೊಡೆ ಎತ್ತಿ ತೋರಿಸುತ್ತಾರೆ: ಎಡಗಣ್ಣು ಮುಚ್ಚಿ, ಕೆನ್ನೆ ಕೊಡೆಯ ಹಿಡಿಗೆ ಒತ್ತಿ, ಇಲ್ಲದ ಹಕ್ಕಿಯ ಹಿಂದೆ ಎಡದಿಂದ ಬಲಕ್ಕೆ ಒಂದು ಬೀಸು. ಬೀಸು ನಿಲ್ಲಬಾರದಲ್ಲ, ಪಕ್ಕದವರ ಕಾಫಿ ಲೋಟ ಹೋಗುತ್ತದೆ.

ಹಳಿ ತಪ್ಪುವುದು ಆಮೇಲೆ. ನಳಿಗೆ ಉದ್ದವಿದ್ದಷ್ಟೂ ಈಡು ದೂರ ಹೋಗುತ್ತದೆ, ಚರೆ ಚದುರುವುದಿಲ್ಲ ಎನ್ನುತ್ತಾರೆ. ಅದು ಕಪ್ಪು ಮದ್ದಿನ ಕಾಲದ ಮಾತು. ಈಗಿನ ತೋಟೆಗೆ ನಾಲ್ಕಿಂಚು ಹೆಚ್ಚುಕಡಿಮೆಯಾದರೆ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚರೆ ಹರಡುವುದು ನಳಿಗೆಯ ಬಾಯಲ್ಲಿರುವ ಚೋಕ್‌ನ ಬಿಗಿಯ ಮೇಲೆ. ಇಂಗ್ಲೆಂಡಿನ ರಾಬರ್ಟ್ ಚರ್ಚಿಲ್ 25 ಇಂಚಿನ ಕೋವಿ ಮಾಡಿಯೇ ಹೆಸರಾದವನು ಎಂದು ನೆನಪಿಸಿದರೆ, "ಅವನು ನಮ್ಮ ತೋಟಕ್ಕೆ ಬಂದಿದ್ದನಾ?" ಎಂದು ಬಾಯಿ ಮುಚ್ಚಿಸುತ್ತಾರೆ.

ಅಷ್ಟಕ್ಕೂ ಈ ವಿದ್ಯೆಯ ಪ್ರಯೋಗ ಎಲ್ಲಿ? ಕಾಡಿನಲ್ಲಿ ಓಡುವುದಕ್ಕೂ ಹಾರುವುದಕ್ಕೂ 1972ರ ವನ್ಯಜೀವಿ ಕಾಯ್ದೆಯ ಕಾವಲಿದೆ. ಉಳಿದದ್ದು ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ಗುರಿಗೆ ಕಟ್ಟುವ ತೆಂಗಿನಕಾಯಿ. ಅದು ಹಾರುವುದಿಲ್ಲ, ಓಡುವುದಿಲ್ಲ; ಕಟ್ಟಿದಲ್ಲೇ ಕಾದಿರುತ್ತದೆ. ಮಾವನ ಈಡು ತಪ್ಪುತ್ತದೆ. "ಓಡುವ ಗುರಿಯ ಕೋವಿ ಮಗಾ, ನಿಂತದ್ದಕ್ಕೆ ಒಗ್ಗುವುದಿಲ್ಲ."

ಆಮೇಲೆ ಹೆಂಗಸರ ಸರದಿ. ಅದೇ ಕೋವಿ ಹಿಡಿದು ಅತ್ತೆ ಒಂದೇ ಈಡಿಗೆ ಕಾಯಿ ಒಡೆಯುತ್ತಾರೆ. ನಳಿಗೆ ಎಷ್ಟು ಇಂಚೆಂದು ಅವರಿಗೆ ಗೊತ್ತಿಲ್ಲ.