‘ಹೆಸರು ತೆಗೆದರು, ದುಡಿಮೆ ಬಿಡಿಸಲಿಲ್ಲ’

2022ರಲ್ಲಿ ಎನ್‌ಸಿಇಆರ್‌ಟಿ ಮಕ್ಕಳ ಹೊರೆ ಇಳಿಸಲು ಹೊರಟಿತು. 12ನೇ ತರಗತಿಯ ಗಣಿತದಲ್ಲಿ, ಮೂರು ಆಯಾಮದ ಜ್ಯಾಮಿತಿಯಿಂದ ಸಮತಲದ ಪಾಠ ಹೋಯಿತು. ಅದೇ ಪುಸ್ತಕ ಓದುವ ನಮ್ಮ ದ್ವಿತೀಯ ಪಿಯುಸಿಯವರ ಪಾಲಿಗೂ ಸಮತಲ ಕಾಣೆಯಾಯಿತು. ಹುಡುಕಿಕೊಂಡು ಹೋಗಿ ಮಾತಾಡಿಸಿದೆವು. ಮೊದಲು ಕುರ್ಚಿ ಕೊಟ್ಟೆವು. ಕೊನೆಮೊದಲಿಲ್ಲದೆ ಚಾಚಿಕೊಂಡವರಿಗೆ ಅದು ಸಾಲಲಿಲ್ಲ.

ಪಠ್ಯದಿಂದ ತೆಗೆದದ್ದಕ್ಕೆ ಬೇಜಾರಾಯಿತೇ?

ಬೇಜಾರೇನು ಬಂತು? ಹೆಸರು ತೆಗೆದರು, ದುಡಿಮೆ ಬಿಡಿಸಲಿಲ್ಲ. ಅದೇ ಪುಸ್ತಕದ ನಾಲ್ಕನೇ ಅಧ್ಯಾಯ ತೆರೆಯಿರಿ. ಎಕ್ಸ್, ವೈ, ಜೆಡ್ ಇರುವ ಮೂರು ಸಮೀಕರಣ ಕೊಟ್ಟು ಮ್ಯಾಟ್ರಿಕ್ಸ್‌ನಿಂದ ಬಿಡಿಸಿ ಅನ್ನುತ್ತಾರಲ್ಲ, ಆ ಒಂದೊಂದು ಸಮೀಕರಣವೂ ಒಂದೊಂದು ಸಮತಲ. ಉತ್ತರ ಅಂದರೆ ನಾವು ಮೂವರು ಸೇರುವ ಜಾಗ. ನಿಮ್ಮ ರೂಮಿನ ಮೂಲೆಯಲ್ಲೇ ನೋಡಿ: ಎರಡು ಗೋಡೆ ಒಂದು ಗೆರೆಯಲ್ಲಿ ಸೇರುತ್ತವೆ, ನೆಲ ಬಂದು ಆ ಗೆರೆಯನ್ನು ಒಂದು ಬಿಂದುವಿನಲ್ಲಿ ಕತ್ತರಿಸುತ್ತದೆ.

ಇಬ್ಬರೇ ಸೇರಿ ಒಂದು ಬಿಂದುವಿನಲ್ಲಿ ಮುಗಿಸಬಾರದೇ?

ಈ ಮೂರು ಆಯಾಮದಲ್ಲಿ ಆಗದು. ಒಂದು ಬಿಂದುವಿನಲ್ಲಿ ಮುಟ್ಟಿದೆವು ಅಂದರೆ ಇಡೀ ಗೆರೆಯೇ ಇಬ್ಬರಿಗೂ ಜಂಟಿ. ಅರ್ಧ ಅಡಿ ಒತ್ತುವರಿಗೆ ಕೋರ್ಟು ಹತ್ತುವ ಜನಕ್ಕೆ ಇದು ತಲೆಗೆ ಹೋಗುವುದು ಕಷ್ಟ. ಗೆರೆಯ ದಿಕ್ಕು ಬೇಕಾದರೆ ಇಬ್ಬರ ನಾರ್ಮಲ್‌ಗಳ ಕ್ರಾಸ್ ಪ್ರಾಡಕ್ಟ್ ತೆಗೆಯಿರಿ. ಅದು ಸೊನ್ನೆ ಬಂತೋ, ನಾವು ಸಮಾಂತರ. ಇಲ್ಲವೇ ಒಬ್ಬನೇ ಎರಡು ರೇಷನ್ ಕಾರ್ಡ್ ಮಾಡಿಸಿದ್ದೇನೆ, ಇಡೀ ಸಮೀಕರಣವನ್ನು 2ರಿಂದ ಗುಣಿಸಿ. ನಾಲ್ಕು ಆಯಾಮದಲ್ಲಿರುವ ನಮ್ಮ ನೆಂಟರು ಮಾತ್ರ ಒಂದೇ ಬಿಂದುವಿನಲ್ಲಿ ಮುಟ್ಟಿ ತಮ್ಮ ಪಾಡಿಗೆ ಹೋಗಬಲ್ಲರು. ಅಲ್ಲಿ ಜಾಗ ಧಾರಾಳ.

ಮೂವರಲ್ಲಿ ಯಾರೂ ಸಮಾಂತರವಲ್ಲದಿದ್ದರೆ ಎಲ್ಲರೂ ಸೇರಲೇಬೇಕಲ್ಲ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಎಕ್ಸ್ = 0, ವೈ = 0, ಎಕ್ಸ್ + ವೈ = 1. ಇದರಲ್ಲಿ ಯಾವ ಇಬ್ಬರನ್ನು ಹಿಡಿದರೂ ಒಂದು ಗೆರೆಯಲ್ಲಿ ಸೇರುತ್ತಾರೆ. ಹಾಗೆ ಸಿಗುವ ಮೂರು ಗೆರೆಗಳೂ ಜೆಡ್ ಅಕ್ಷಕ್ಕೆ ಸಮಾಂತರ, ನಡುವೆ ತ್ರಿಕೋನದ ಪೊಳ್ಳು ಪ್ರಿಸಂ. ಇಬ್ಬಿಬ್ಬರಾಗಿ ಕೂರಿಸಿದರೆ ಒಪ್ಪಂದ, ಮೂವರನ್ನೂ ಕರೆದರೆ ಸಭೆ ಇಲ್ಲ. ಸಮ್ಮಿಶ್ರ ಸರ್ಕಾರ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಈಗ ಬಲಗಡೆಯ ಆ 1 ಅಳಿಸಿ 0 ಬರೆಯಿರಿ. ಪ್ರಿಸಂ ಮುಚ್ಚಿಕೊಂಡಿತು, ಮೂವರೂ ಒಂದೇ ಗೆರೆಯಲ್ಲಿ! ಎರಡೂ ಸಲ ಡಿಟರ್ಮಿನೆಂಟ್ ಸೊನ್ನೆಯೇ.

ಡಿಟರ್ಮಿನೆಂಟ್ ಸೊನ್ನೆಯಾದರೆ ಅಡ್ಜಾಯಿಂಟ್ ಅನ್ನು ಬಲಗಡೆಯ ಸಂಖ್ಯೆಗಳ ಮ್ಯಾಟ್ರಿಕ್ಸ್ ಬಿ ಜೊತೆ ಗುಣಿಸು, ಅದೂ ಸೊನ್ನೆಯಾದರೆ ‘ಪರಿಹಾರ ಇರಲೂಬಹುದು, ಇಲ್ಲದಿರಲೂಬಹುದು’ ಎಂದು ಬರೆ ಅಂತ ನಮಗೆ ಕಲಿಸಿದ್ದರು.

ಬರೆದು ಮಾರ್ಕ್ಸೂ ತೆಗೆದುಕೊಂಡಿರಿ! ‘ಪರಿಶೀಲನೆಯಲ್ಲಿದೆ, ನಾಳೆ ಬನ್ನಿ’ ಅನ್ನುವ ಉತ್ತರ ಅದು. ನನ್ನನ್ನು ಕೇಳಿದ್ದರೆ ನಿಂತ ಕಾಲಲ್ಲೇ ಹೇಳುತ್ತಿದ್ದೆ. ಮೂವರೂ ಒಬ್ಬರಿಗೊಬ್ಬರು ಸಮಾಂತರವಾಗಿದ್ದರೆ ಅಡ್ಜಾಯಿಂಟ್‌ನ ಒಂಬತ್ತು ಮನೆಯಲ್ಲೂ ಸೊನ್ನೆ. ಅದನ್ನು ಯಾವುದರ ಜೊತೆ ಗುಣಿಸಿದರೂ ಸೊನ್ನೆಯೇ ಬರಬೇಕು, ಹಾಗಾಗಿ ಅದು ಏನನ್ನೂ ಹೇಳಲಾರದು. ಆಗ ನೀವೇ ನೋಡಬೇಕು: ಮೂರೂ ಒಂದೇ ಸಮತಲವಾದರೆ ಅನಂತ ಪರಿಹಾರ, ಇಲ್ಲವಾದರೆ ಒಂದೂ ಇಲ್ಲ. ಸಂಶಯಕ್ಕೆ ಎಡೆ ಇರುವುದು ಇಲ್ಲಿ ಮಾತ್ರ. ಒಬ್ಬನಾದರೂ ಬೇರೆ ಕಡೆ ವಾಲಿದ್ದು, ಡಿಟರ್ಮಿನೆಂಟೂ ಗುಣಿಸಿದ್ದೂ ಸೊನ್ನೆಯಾದರೆ, ಖಂಡಿತ ಒಂದು ಗೆರೆಯಷ್ಟು ಪರಿಹಾರ ಇದೆ. ‘ಬಹುದು’ ಬೇಡ.

ಎಂಜಿನಿಯರಿಂಗ್‌ಗೆ ಹೋದಮೇಲಾದರೂ ನಿಮ್ಮ ಪರಿಚಯ ಆಗುತ್ತದಲ್ಲ?

ಅಲ್ಲಿ ಎಲಿಮಿನೇಷನ್. ಎರಡನೇ ಸಾಲಿನಿಂದ ಮೊದಲನೆಯದರ ಇಷ್ಟು ಪಾಲು ಕಳೆ, ಮೂರನೆಯದರಿಂದ ಅಷ್ಟು ಪಾಲು ಕಳೆ. ಪ್ರತಿ ಸಲ ಕಳೆದಾಗಲೂ ಒಬ್ಬ ಸಮತಲವನ್ನು, ಅವನೂ ಮೊದಲನೆಯವನೂ ಸೇರುವ ಗೆರೆಯನ್ನೇ ಕೀಲಾಗಿ ಹಿಡಿದು ತಿರುಗಿಸುತ್ತಾರೆ. ಕೀಲು ಅಲ್ಲಾಡುವುದಿಲ್ಲ, ಅದಕ್ಕೇ ಉತ್ತರ ಕೆಡುವುದಿಲ್ಲ. ತಿರುಗಿಸುವ ಹುಡುಗನಿಗೆ ತಾನು ಸಾಲು ಕಳೆಯುತ್ತಿದ್ದೇನೆ ಅನ್ನುವುದಷ್ಟೇ ಗೊತ್ತು. ಅವನನ್ನು ಬೈಯುವಂತಿಲ್ಲ ಬಿಡಿ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಚೀನಾದ ಗಣಿತ ಗ್ರಂಥದಲ್ಲೂ ಮೂರು ದರ್ಜೆ ಧಾನ್ಯದ ಕಟ್ಟುಗಳ ಲೆಕ್ಕವನ್ನು ಹೀಗೇ ಸಾಲು ಕಳೆದು ಬಿಡಿಸಿದ್ದರು, ಎಣಿಕೆಯ ಕಡ್ಡಿ ಜೋಡಿಸಿಕೊಂಡು. ಆಗಲೂ ನನ್ನನ್ನು ಯಾರೂ ಮಾತಾಡಿಸಲಿಲ್ಲ.

ಕೊನೆಯದಾಗಿ, ಪತ್ರಿಕೆಗೆ ನಿಮ್ಮದೊಂದು ಫೋಟೊ?

ಬೇಡಪ್ಪ. ಪುಸ್ತಕದಲ್ಲಿ ನನ್ನ ಚಿತ್ರ ಅಂತ ಒಂದು ವಾಲಿದ ಸಮಾಂತರ ಚತುರ್ಭುಜ ಹಾಕುತ್ತಿದ್ದರು, ನಾಲ್ಕೂ ಕಡೆ ಅಂಚು ಕಟ್ಟಿ. ಅದನ್ನು ತೆಗೆದದ್ದಕ್ಕೆ ಮಾತ್ರ ಸಮಿತಿಯವರಿಗೆ ಥ್ಯಾಂಕ್ಸ್ ಹೇಳಿಬಿಡಿ.