ಚಾರ್ಜಿಗಿಟ್ಟ ವಾಚು, ಕೂತುಬಿಟ್ಟ ಭಾವ

ನಮ್ಮ ಭಾವ ವಾಚನ್ನು ಚಾರ್ಜಿಗೆ ಹಾಕಿದಾಗ ನಡೆಯುವುದಿಲ್ಲ. ಕಾಲಿಗೇನೂ ಆಗಿಲ್ಲ, ಮನಸ್ಸು ಬರುವುದಿಲ್ಲ ಅಷ್ಟೆ. ಕೈಯಲ್ಲಿ ವಾಚಿಲ್ಲದೆ ಇಟ್ಟ ಹೆಜ್ಜೆ ಯಾವ ಖಾತೆಗೂ ಜಮೆಯಾಗುವುದಿಲ್ಲ ಎಂಬುದು ಅವರ ವಾದ. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಕೂತು, ದಿನದ ಕೊನೆಗೆ ಪೈಸೆ ಪೈಸೆ ತಾಳೆ ನೋಡಿ ಮನೆಗೆ ಬಂದವರು. ಲೆಕ್ಕಕ್ಕೆ ಬಾರದ ಹೆಜ್ಜೆ ಇಡಲು ಅವರ ಜೀವ ಒಪ್ಪುವುದಿಲ್ಲ. ಅಕ್ಕ ಅಡುಗೆಮನೆಯಿಂದ, "ಕೊತ್ತಂಬರಿ ಸೊಪ್ಪು ಮುಗಿದಿದೆ, ಮೂಲೆ ಅಂಗಡಿಗೆ ಹೋಗಿಬನ್ನಿ" ಎಂದರೆ ಭಾವ ಕೂತಲ್ಲಿಂದಲೇ, "ಇನ್ನೂ ಅರವತ್ತೆರಡು ಕಣೇ" ಎನ್ನುತ್ತಾರೆ. ಹೊಸಬರು ಯಾರಾದರೂ ಕೇಳಿಸಿಕೊಂಡರೆ ಪಾಪ, ವಯಸ್ಸು ಹೇಳಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು.

ಬೆಳಗಿನ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಈ ಪಂಥದವರು ಬೇಕಾದಷ್ಟು ಜನ ಸಿಗುತ್ತಾರೆ. ಮೊದಲೆಲ್ಲ ಅಲ್ಲಿ ಶುಗರು, ಬೀಪಿ, ತುಟ್ಟಿಭತ್ಯೆಯ ಬಾಕಿ, ಅಮೆರಿಕದ ಮೊಮ್ಮಗು ಇವೇ ಮಾತು. ಈಗ ಎದುರಾದವರೊಡನೆ ಮೊದಲ ಪ್ರಶ್ನೆಯೇ "ನಿಮ್ಮದೆಷ್ಟಾಯ್ತು?" ಹತ್ತು ಸಾವಿರ ಆಗುವ ತನಕ ಯಾರೂ ಮನೆಯ ದಾರಿ ಹಿಡಿಯುವುದಿಲ್ಲ. ಈ ಹತ್ತು ಸಾವಿರವನ್ನು ಯಾವ ಡಾಕ್ಟರೂ ಪ್ರಯೋಗ ಮಾಡಿ ಕಂಡುಹಿಡಿದದ್ದಲ್ಲ. 1965ರಲ್ಲಿ ಜಪಾನಿನ ಯಮಾಸ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಎಣಿಸುವ ಯಂತ್ರ ಮಾಡಿ, ಮಾರಾಟಕ್ಕೆ ಅನುಕೂಲವಾಗಲೆಂದು ಅದರ ಹೆಸರಿನಲ್ಲೇ ಆ ಸಂಖ್ಯೆ ಸೇರಿಸಿತು. ನಾನಿದನ್ನು ಒಮ್ಮೆ ಭಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಪಾನಿನೋರು ಸುಮ್ಮಸುಮ್ಮನೆ ಏನೂ ಹೇಳಲ್ಲಯ್ಯ" ಎಂದು ನಡಿಗೆ ಮುಂದುವರಿಸಿದರು.

ಇಂಥವರ ವಾಚು ನಿಧಾನಕ್ಕೆ ಚಾರ್ಜ್ ಆಗತೊಡಗಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಕೈಯಿಂದ ಬಿಚ್ಚದೆ ಅದನ್ನು ಚಾರ್ಜ್ ಮಾಡುವಂತಿಲ್ಲ. ಹಗಲು ಬಿಚ್ಚಿದರೆ ಹೆಜ್ಜೆ ಹೋಯಿತು. ರಾತ್ರಿ ಬಿಚ್ಚಿದರೆ ನಿದ್ದೆ ಹೋಯಿತು. ಭಾವ ಬೆಳಿಗ್ಗೆ ಎದ್ದು, ರಾತ್ರಿ ನಿದ್ದೆ ಬಂದಿತ್ತೋ ಇಲ್ಲವೋ ಎಂದು ಫೋನು ನೋಡಿ ತಿಳಿದುಕೊಳ್ಳುವವರು. ಮಗಳು ಬೆಂಗಳೂರಿನಿಂದ ಕಳಿಸಿದ ಹೊಸತರಲ್ಲಿ ಅದು ಪೇಪರ್ ಓದಿ ಮುಗಿಸುವಷ್ಟರಲ್ಲಿ ಹತ್ತಿರ ಹತ್ತಿರ ತುಂಬುತ್ತಿತ್ತಂತೆ. ಈಗ ಪೇಪರ್ ಮುಗಿದು, ತಿಂಡಿ ಮುಗಿದು, ಪದಬಂಧ ಮುಗಿದರೂ ಮುಗಿಯುವುದಿಲ್ಲ. ಕೆರೆ ಏರಿಯ ಗೆಳೆಯರೆಲ್ಲ ತಲೆಗೊಂದು ಸಲಹೆ ಕೊಟ್ಟರು. ಫ್ರಿಜ್ಜಿನಲ್ಲಿ ಇಟ್ಟು ತೆಗೆಯಿರಿ ಎಂದವರೂ ಉಂಟು. ಕೊನೆಗೆ ಭಾವಮೈದ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕರೆಸಿದರು.

ತನಿಖೆಯನ್ನು ಗೋಡೆಯಿಂದ ಶುರುಮಾಡಬೇಕು. ಈಗಿನ ವಾಚಿನ ಡಬ್ಬಿಯಲ್ಲಿ ಬಹುಪಾಲು ಬರಿಯ ವೈರು ಬರುತ್ತದೆ, ಗೋಡೆಗೆ ಸಿಕ್ಕಿಸುವ ಅಡಾಪ್ಟರ್ ಬರುವುದಿಲ್ಲ. ಭಾವ ಅದನ್ನು ಎಲ್ಲಿಗೆ ಸಿಕ್ಕಿಸಿದ್ದಾರೆ ಎಂದು ವೈರಿನ ಗುಂಟ ಹೋದರೆ ಅದು ಟೀವಿಯ ಬೆನ್ನಿಗೆ ಹೋಯಿತು. ಪೆನ್‌ಡ್ರೈವ್ ಹಾಕಲೆಂದು ಟೀವಿಗೆ ಕೊಟ್ಟಿರುವ ಆ ಕಿಂಡಿಯಲ್ಲಿ ಸಾಮಾನ್ಯವಾಗಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಸಿಕ್ಕೀತು. ಅದಾದರೂ ಇರಲಿ, ಆ ಟೀವಿ ಆರಿದರೆ ಕಿಂಡಿಯೂ ಆರುತ್ತಿತ್ತು. ಅಕ್ಕ ಟೀವಿ ಹಾಕುವುದು ಧಾರಾವಾಹಿಗೆ ಮಾತ್ರ. ಮಧ್ಯಾಹ್ನದ ಮರುಪ್ರಸಾರಕ್ಕೆ ಒಂದಿಷ್ಟು, ಸಂಜೆಯ ಹೊಸ ಕಂತಿಗೆ ಇನ್ನೊಂದಿಷ್ಟು ಎಂದು ವಾಚು ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ಆ ಮನೆಯಲ್ಲಿ ವಾಚು ತುಂಬಲು ಕರೆಂಟಿದ್ದರೆ ಸಾಲದು, ಅತ್ತೆ ಸೊಸೆಯ ಜಗಳವೂ ನಡೆಯುತ್ತಿರಬೇಕು.

ಎಲ್ಲರ ಮನೆಯಲ್ಲೂ ಒಂದು ಬಿಸ್ಕತ್ತಿನ ಡಬ್ಬವಿರುತ್ತದೆ. ಅದರಲ್ಲಿ ಬಿಸ್ಕತ್ತು ಬಿಟ್ಟು ಹಳೆಯ ಚಾರ್ಜರುಗಳೆಲ್ಲ ಇರುತ್ತವೆ, ಯಾವುದು ಯಾವ ಕಾಲದ ಯಾವ ಫೋನಿನದೆಂದು ಯಾರಿಗೂ ಗೊತ್ತಿರುವುದಿಲ್ಲ, ಬಿಸಾಡಲು ಧೈರ್ಯವೂ ಇರುವುದಿಲ್ಲ. ಡಬ್ಬ ತೆರೆದ ಕೂಡಲೇ ಭಾವ ಕೈಹಾಕಿದ್ದು ಮಗಳು ಬಿಟ್ಟುಹೋದ 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರಿಗೆ. "ಇದರಲ್ಲಿ ಫೋರ್ಸ್ ಜಾಸ್ತಿ ಇರುತ್ತೆ" ಎಂದರು. ಕಾರ್ಪೊರೇಷನ್ ನಲ್ಲಿಯನ್ನು ನೋಡಿ ನೋಡಿ ನಮ್ಮ ಜನಕ್ಕೆ ಫೋರ್ಸಿನ ಮೇಲೆ ಎಲ್ಲಿಲ್ಲದ ನಂಬಿಕೆ. ಆದರೆ ಚಾರ್ಜರು ದೊಡ್ಡದಾದ ಮಾತ್ರಕ್ಕೆ ವಾಚಿನೊಳಕ್ಕೆ ಕರೆಂಟನ್ನು ತುರುಕಲು ಆಗುವುದಿಲ್ಲ. ಎಷ್ಟು ಬೇಕೆಂದು ಕೇಳುವುದು ವಾಚು, ಅಷ್ಟನ್ನು ಕೊಡುವುದಷ್ಟೇ ಚಾರ್ಜರಿನ ಕೆಲಸ. ಫೋನಿನ ಬ್ಯಾಟರಿ ಈಗ 5,000 ಮಿಲಿಆಂಪ್ ಅವರ್ ಆಸುಪಾಸಿನಲ್ಲಿದ್ದರೆ ವಾಚಿನದು ಕೆಲವು ನೂರು. ಡಬ್ಬದ ತಳದಲ್ಲಿದ್ದ, 5 ವೋಲ್ಟು 1 ಆಂಪಿಯರ್ ಎಂದು ಬರೆದಿದ್ದ ಬಡಪಾಯಿ ಚಾರ್ಜರೇ ಅದಕ್ಕೆ ಧಾರಾಳ. ಇನ್ನು ಪವರ್ ಬ್ಯಾಂಕಿನ ಕಥೆಯೇ ಬೇರೆ. ವಾಚು ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ, ಹಲವು ಪವರ್ ಬ್ಯಾಂಕುಗಳು ಯಾರೂ ಊಟಕ್ಕೆ ಕೂತಿಲ್ಲವೆಂದು ತಿಳಿದು ಅಂಗಡಿ ಮುಚ್ಚಿಬಿಡುತ್ತವೆ. ಪ್ರವಾಸದಲ್ಲಿ ಭಾವನ ವಾಚು ಧರ್ಮಸ್ಥಳ ಮುಟ್ಟುವುದರೊಳಗೆ ಸತ್ತದ್ದು ಹೀಗೆ. ಅಲ್ಲಿಂದ ಮುಂದೆ ಹತ್ತಿದ ಮೆಟ್ಟಿಲೆಲ್ಲ ದಂಡ ಎಂದು ಇವತ್ತಿಗೂ ಕೊರಗುತ್ತಾರೆ.

ಗೋಡೆಯ ಕಡೆ ಸರಿಹೋದರೂ ವಾಚು ಪೂರ್ತಿ ದಾರಿಗೆ ಬರಲಿಲ್ಲ. ಆಗ ಅದನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಭಾವನ ಓದುವ ಕನ್ನಡಕವನ್ನೇ ಭೂತಗನ್ನಡಿ ಮಾಡಿಕೊಂಡು ನೋಡಿದೆ. ಬೆನ್ನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕವಾದ ಎರಡು ಲೋಹದ ಚುಕ್ಕೆಗಳು. ಚಾರ್ಜರಿನ ಎರಡು ಸ್ಪ್ರಿಂಗ್ ಮೊಳೆಗಳು ಬಂದು ಕಚ್ಚಿಕೊಳ್ಳಬೇಕಾದ್ದು ಅಲ್ಲಿಗೇ. ಒಂದು ಚುಕ್ಕೆ ಹೊಳೆಯುತ್ತಿತ್ತು. ಇನ್ನೊಂದರ ಸುತ್ತ ಹಸಿರು ಕಿಲುಬು. ಅಂಚಿನ ಸಂದಿಯಲ್ಲಿ ಬೆವರು, ಸೋಪು, ಕೊಬ್ಬರಿ ಎಣ್ಣೆ, ಒಂದಿಷ್ಟು ಗಂಧ ಎಲ್ಲ ಸೇರಿ ಗಟ್ಟಿಯಾದ ಬೂದುಬಣ್ಣದ ಅಂಟು. ವಾಚು ಅವರ ನಡಿಗೆಯನ್ನು ಫೋನಿನಲ್ಲಿ ಬರೆದಿಟ್ಟದ್ದಕ್ಕಿಂತ ಚೆನ್ನಾಗಿ ಇಲ್ಲಿ ಬರೆದಿಟ್ಟುಕೊಂಡಿತ್ತು. ವಿಚಾರಿಸಿದರೆ, ಕೆರೆಯಿಂದ ಬಂದವರೇ ಬೆವರು ಸುರಿಯುತ್ತಿರುವಾಗಲೇ ಅದನ್ನು ಬಿಚ್ಚಿ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗುವುದು ರೂಢಿಯಂತೆ. ಒದ್ದೆ ಲೋಹ, ಉಪ್ಪು, ಮೇಲೆ ಕರೆಂಟು, ಮೂರೂ ಕೂಡಿದರೆ ಮೇಲಿನ ಲೇಪ ಸವೆದು ಕಿಲುಬು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಕಿಲುಬು ಹಿಡಿದ ಕಡೆ ಕರೆಂಟು ತಡವರಿಸುತ್ತದೆ.

ಕಿಲುಬು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕ ಅಡುಗೆಮನೆಯಿಂದ ಹುಣಸೆಹಣ್ಣಿನ ಉಂಡೆ, ತೆಂಗಿನ ನಾರು ಹಿಡಿದು ಹಾಜರಾದಳು. "ಕೊಡೋ ಇಲ್ಲಿ, ಎರಡು ನಿಮಿಷ. ದೀಪದ ಕಂಬ ಹೇಗೆ ಥಳಥಳ ಅನ್ನುತ್ತೆ ನೋಡಿದ್ದೀಯಲ್ಲ." ಅವಳ ಕೈಯಿಂದ ಆ ವಾಚನ್ನು ಉಳಿಸಿಕೊಂಡದ್ದು ಇಡೀ ರಿಪೇರಿಯಲ್ಲಿ ಅತ್ಯಂತ ಕಷ್ಟದ ಭಾಗ. ಹುಣಸೆಯ ಹುಳಿ ಹಿತ್ತಾಳೆಗೆ ಒಳ್ಳೆಯದು, ಕೂದಲೆಳೆಯಷ್ಟು ತೆಳುವಾದ ಲೇಪಕ್ಕಲ್ಲ. ಮೆಡಿಕಲ್ ಶಾಪಿನಿಂದ ತಂದ ಸ್ಪಿರಿಟ್ಟಿಗೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ, ಮೆದುವಾಗಿ ಒರೆಸಿ, ಚಾರ್ಜರಿನ ಮೊಳೆಗಳನ್ನೂ ಒರೆಸಿ, ಆರಲು ಬಿಟ್ಟೆವು. ಹತ್ತಿಕಡ್ಡಿ ಕಪ್ಪಾಗಿ ಬಂತು. ಭಾವ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ದಿನಾ ಸ್ನಾನ ಮಾಡ್ತೀನಯ್ಯ ನಾನು" ಎಂದರು.

ಇಷ್ಟಾದ ಮೇಲೆ ಸುಧಾರಣೆ ಕಂಡಿತು. ಆದರೂ ಭಾವನಿಗೆ ತೃಪ್ತಿಯಿಲ್ಲ. ವಾಚು ಬೇಗ ಒಣಗಲಿ ಎಂದು ಕಿಟಕಿಯ ಬಿಸಿಲಿಗೆ ಇಟ್ಟೇ ಚಾರ್ಜ್ ಮಾಡಿದರು. ಅದು ಕಾದು ಕೂತಿತು. ಬ್ಯಾಟರಿ 45 ಡಿಗ್ರಿ ಸೆಲ್ಷಿಯಸ್ ಹತ್ತಿರ ಬಿಸಿಯೇರಿದರೆ ವಾಚು ತಾನೇ ವೇಗ ತಗ್ಗಿಸುತ್ತದೆ, ಇಲ್ಲವೇ ಊಟ ಸಾಕೆನ್ನುತ್ತದೆ. ಆಮೇಲೆ ಅವರ ದೂರು ಕೊನೆಯ ಇಪ್ಪತ್ತರ ಮೇಲೆ ತಿರುಗಿತು. ಎಂಬತ್ತರ ತನಕ ಓಡಿ ಬಂದದ್ದು ಆಮೇಲೆ ಯಾಕೆ ಕಾಲೆಳೆಯುತ್ತದೆ? ಇದು ವಾಚಿನ ತಪ್ಪೂ ಅಲ್ಲ, ಕಂಪನಿಯ ತಪ್ಪೂ ಅಲ್ಲ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಾಗಿನಿಂದ ಲಿಥಿಯಂ-ಅಯಾನ್ ಬ್ಯಾಟರಿಯ ಸ್ವಭಾವವೇ ಹಾಗೆ. ಮೊದಲು ಒಂದೇ ಸಮ ಕರೆಂಟು ಕುಡಿಯುತ್ತದೆ. ವೋಲ್ಟೇಜು ತನ್ನ ಮಿತಿಗೆ, ಸಾಮಾನ್ಯವಾಗಿ 4.2ರ ಆಸುಪಾಸಿಗೆ, ಮುಟ್ಟಿದ ಮೇಲೆ ಕರೆಂಟನ್ನು ಇಳಿಸುತ್ತಾ ಇಳಿಸುತ್ತಾ ಹೋಗುತ್ತದೆ. ಅಕ್ಕನಿಗೆ ಇದನ್ನು ಉಪ್ಪಿನಕಾಯಿ ಭರಣಿಯ ಲೆಕ್ಕದಲ್ಲಿ ಹೇಳಿದೆ. ಮುಕ್ಕಾಲು ಭರಣಿ ಸೌಟಿನಲ್ಲಿ ಸುರಿದರೂ ನಡೆಯುತ್ತದೆ, ಕುತ್ತಿಗೆಯ ಹತ್ತಿರ ಬಂದಾಗ ಹೋಳುಗಳನ್ನು ಒಂದೊಂದಾಗಿ ಒತ್ತಿ, ರಸ ಇಳಿಯಲು ಬಿಟ್ಟು, ಮತ್ತೆ ಒತ್ತಬೇಕು. ಅಕ್ಕನಿಗೆ ತಕ್ಷಣ ಅರ್ಥವಾಯಿತು. "ಇವರು ಅದನ್ನೂ ಸೌಟಲ್ಲೇ ಸುರಿಯೋ ಜನ" ಎಂದಳು. ಕೆಲವು ವಾಚುಗಳು ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದೆಂದು ಎಂಬತ್ತರಲ್ಲಿ ಬೇಕೆಂತಲೇ ನಿಲ್ಲುವುದೂ ಉಂಟು. ಅದನ್ನು ಭಾವನಿಗೆ ಹೇಳಲಿಲ್ಲ. ತಾಳೆಯಾಗದ ಇಪ್ಪತ್ತನ್ನು ಇಟ್ಟುಕೊಂಡು ಅವರು ಮಲಗುವವರಲ್ಲ.

ಮಗಳ ವಾಚಿನದು ಬೇರೆಯೇ ದರ್ಜೆ. ಅದಕ್ಕೆ ಮೊಳೆಗಳಿಲ್ಲ. ಬಿಲ್ಲೆಯಂಥ ಚಾರ್ಜರಿನೊಳಗೊಂದು ತಂತಿಯ ಸುರುಳಿ, ವಾಚಿನೊಳಗೊಂದು ಸುರುಳಿ. ಮುಟ್ಟದೆಯೇ ಒಂದು ಸುರುಳಿಯಿಂದ ಇನ್ನೊಂದಕ್ಕೆ ಕರೆಂಟು ಹುಟ್ಟಿಸಬಹುದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಮುಟ್ಟದಿದ್ದರೂ ಎರಡು ಸುರುಳಿಗಳು ನೇರಕ್ಕೆ, ಹತ್ತಿರಕ್ಕೆ ಇರಬೇಕು. ಅವಳ ವಾಚಿಗೊಂದು ದಪ್ಪ ಕವಚ, ಮೇಲೆ ಮಡಿಸಿದರೂ ಬಗ್ಗದ ಲೋಹದ ಚೈನು. ಬಿಲ್ಲೆಯ ಮೇಲೆ ವಾಚು ಒಂದು ಪಕ್ಕ ಎತ್ತಿಕೊಂಡೇ ಕೂರುತ್ತದೆ, ಒಳಕ್ಕೆ ಹೋಗಬೇಕಾದದ್ದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ತವರಿಗೆ ಬಂದಾಗ ಅದು ಇನ್ನೂ ನಿಧಾನ. ಕಾರಣ, ಇಲ್ಲಿ ಅವಳು ಬಳಸುವುದು ಹಳೆಯ ವಾಚಿನ ಹಳೆಯ ವೈರು. ಆಪಲ್ 2021ರ ಸೀರೀಸ್ 7ರಿಂದ 45 ನಿಮಿಷದಲ್ಲಿ ಶೇ. 80 ತುಂಬುವ ಸೌಲಭ್ಯ ತಂದಿತು ನಿಜ, ಆದರೆ ಅದಕ್ಕೆ ಜೊತೆಯಲ್ಲಿ ಬಂದ ಯುಎಸ್‌ಬಿ-ಸಿ ವೈರೇ ಆಗಬೇಕು. ಹಳೆಯ ವೈರಿಗೂ ಅದು ತುಂಬುತ್ತದೆ, ಹಳೆಯ ವೇಗದಲ್ಲಿ. "ಮಾಮ, ಅಪ್ಪನ ಮನೆಯಲ್ಲಿ ಎಲ್ಲಾನೂ ಸ್ಲೋ" ಎಂದು ಅವಳು ನನ್ನ ಹತ್ತಿರ ಗೊಣಗಿದಳು.

ಇವೆಲ್ಲ ನಡೆಯುತ್ತಿದ್ದಾಗ ನನಗೆ ಬೀರುವಿನಲ್ಲಿದ್ದ ಇನ್ನೊಂದು ವಾಚಿನ ನೆನಪಾಯಿತು. ಭಾವನಿಗೆ ಮದುವೆಯಲ್ಲಿ ನಮ್ಮ ತಂದೆ ಕೊಟ್ಟ ಎಚ್‌ಎಂಟಿ ಕಾಂಚನ್. ಆ ಕಾಲದ ವರಪೂಜೆಯ ಮಾತುಕತೆಗಳಲ್ಲಿ ಸ್ಕೂಟರಿನ ಜೊತೆ ಅದರ ಹೆಸರೂ ಬರುತ್ತಿತ್ತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯ ಜನತಾ ಮುಂತಾದವಕ್ಕೆ ದಿನಾ ಕೀ ಕೊಡಬೇಕಿತ್ತು. ಕಾಂಚನ್ ಆಟೊಮ್ಯಾಟಿಕ್, ಕೀಯ ಹಂಗಿಲ್ಲ. ಒಳಗೆ ಅರ್ಧಚಂದ್ರಾಕಾರದ ಒಂದು ಲೋಹದ ತುಂಡು ಇರುತ್ತದೆ, ಕೈ ಬೀಸಿದಾಗಲೆಲ್ಲ ಅದು ಗರಗರ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಹಾಕಿಕೊಂಡವನು ನಡೆದಷ್ಟೂ ವಾಚು ತುಂಬುತ್ತದೆ. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಬೀರುವಿನ ಈ ವಾಚಿಗೆ ಆ ಸುದ್ದಿ ಮುಟ್ಟಿರಲಿಲ್ಲ. ತೆಗೆದು ನಾಲ್ಕು ಸಲ ಅಲುಗಿಸಿದರೆ ಸೆಕೆಂಡಿನ ಮುಳ್ಳು ಹೊರಟೇಬಿಟ್ಟಿತು.

ನಾನು ಎರಡನ್ನೂ ಭಾವನ ಮುಂದಿಟ್ಟೆ. "ನೋಡಿ ಭಾವ, ಹಳೇದಕ್ಕೆ ನಿಮ್ಮ ನಡಿಗೆಯೇ ಊಟ. ಹೊಸದು ನಿಮ್ಮ ನಡಿಗೆ ಎಣಿಸುತ್ತೆ, ಆದರೆ ಊಟಕ್ಕೆ ಗೋಡೆ ಹತ್ತಿರ ಹೋಗುತ್ತೆ. ದಿನಾ ಹತ್ತು ಸಾವಿರ ಹೆಜ್ಜೆ ಹಾಕೋರಿಗೆ ಯಾವುದು ಸರಿ?" ಹೊಸ ವಾಚಿನ ಪರದೆಗೆ, ಬೆಳಕಿಗೆ, ಎದೆಬಡಿತ ಅಳೆಯುವ ಹಸಿರು ದೀಪಕ್ಕೆ ಬೇಕಾದಷ್ಟನ್ನು ಕೈ ಬೀಸಿ ಹುಟ್ಟಿಸಲು ಆಗುವುದಿಲ್ಲ ಎಂಬುದು ನನಗೂ ಗೊತ್ತು, ಆದರೆ ವಾದದಲ್ಲಿ ಎಲ್ಲವನ್ನೂ ಹೇಳಬೇಕೆಂದೇನಿಲ್ಲ. ಭಾವ ಕಾಂಚನನ್ನು ಕಿವಿಗೆ ಹಿಡಿದು ಕೇಳಿದರು, ಶರ್ಟಿನ ಅಂಚಿನಿಂದ ಗಾಜು ಒರೆಸಿದರು. ಆಮೇಲೆ ಕೇಳಿದರು: "ಇದು ಹೆಜ್ಜೆ ಎಣಿಸುತ್ತೇನಯ್ಯ?"

ಕೊನೆಗೆ ಒಂದು ರಾಜಿಯಾಯಿತು. ಕೆರೆಯಿಂದ ಬಂದು ವಾಚನ್ನು ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಹಳೆಯ ಬಡಪಾಯಿ ಚಾರ್ಜರಿಗೆ ಹಾಕಿ, ಸ್ನಾನ ಮುಗಿಸಿ ದೇವರ ಮನೆಗೆ ಹೋಗುವುದು. ಪೂಜೆಯಲ್ಲಿ ಹೇಗೂ ಹೆಜ್ಜೆ ಇಡುವುದಿಲ್ಲ, ನಿದ್ದೆಯೂ ಬರಕೂಡದು. ಮೊದಲೆಲ್ಲ ಭಾವನ ಪೂಜೆ ಎಂದರೆ ಎರಡು ಹೂವು, ಒಂದು ಊದಿನಕಡ್ಡಿ, ಗಂಟೆಯ ಸದ್ದು ಕೇಳುವಷ್ಟರಲ್ಲಿ ಮಂಗಳಾರತಿ. ಈಗ ಎದ್ದು ಬಂದರೂ ಮಾಡುವಂಥದ್ದೇನಿಲ್ಲವಾದ್ದರಿಂದ ವಿಷ್ಣು ಸಹಸ್ರನಾಮವನ್ನು ಫಲಶ್ರುತಿ ಸಮೇತ ಓದುತ್ತಾರೆ. ಮೊನ್ನೆ ಮಗಳು ಫೋನಿನಲ್ಲಿ, "ಅಪ್ಪ, ಬೇರೆ ವಾಚು ನೋಡಿದ್ದೀನಿ. ನೀವು ಸ್ನಾನ ಮಾಡಿ ಬರೋದರೊಳಗೆ ಒಂದು ದಿನಕ್ಕಾಗೋಷ್ಟು ತುಂಬುತ್ತೆ, ಆರ್ಡರ್ ಮಾಡ್ಲಾ?" ಎಂದಳು. ಭಾವ ಬಾಯಿ ತೆರೆಯುವ ಮುಂಚೆ ಅಕ್ಕ ಫೋನು ಕಸಿದುಕೊಂಡು, "ಏನೂ ಬೇಡ ಕಣೇ, ಇದೇ ಚೆನ್ನಾಗಿದೆ" ಎಂದವಳೇ ಫೋನು ಇಟ್ಟುಬಿಟ್ಟಳು.