ಸೈಕ್ಲೋಟ್ರಾನಿಗೊಂದು ಶಾಪಾಶಯ

ಸರಕಾರಿ ಅನುದಾನ ಹೇಗಿರಬೇಕು ಎಂದು ಕಲಿಯಲು ದೆಹಲಿಗೆ ಹೋಗಬೇಕಿಲ್ಲ, ಹಾನಗಲ್ ತಾಲ್ಲೂಕಿನ ಆಡೂರಿಗೆ ಬಂದರೆ ಸಾಕು. ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ್ದೊಂದು ಶಾಸನ ಈ ಊರಿನದು. ಒಂದನೆಯ ಕೀರ್ತಿವರ್ಮನೋ ಎರಡನೆಯವನೋ ಎಂಬ ಜಗಳವನ್ನು ವಿದ್ವಾಂಸರಿಗೇ ಬಿಡೋಣ, ಅವರಿಗೂ ಹೊತ್ತು ಹೋಗಬೇಕಲ್ಲ. ವಿಷಯ ಇಷ್ಟೇ: ಜಿನಾಲಯಕ್ಕೆ ಭೂಮಿ ಕೊಟ್ಟರು, ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದರು. ಆಮೇಲೆ ಕೊಟ್ಟವರು ಸತ್ತರು, ವಂಶ ಅಳಿಯಿತು, ಬಾದಾಮಿ ರಾಷ್ಟ್ರಕೂಟರ ಪಾಲಾಯಿತು. ಮಂಜೂರಾತಿ ಆದೇಶವನ್ನು ಮಾತ್ರ ಇವತ್ತಿಗೂ ಓದಬಹುದು.

ಕನ್ನಡನಾಡಿನ ದಾನಶಾಸನಗಳಿಗೆ ಒಂದು ಕ್ರಮವಿತ್ತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ನಾಲ್ಕೂ ದಿಕ್ಕಿನ ಗಡಿ ಯಾವುದು. ಇದು ಸರ್ವಬಾಧಾಪರಿಹಾರ, ಅಂದರೆ ಯಾವ ಸುಂಕದವನೂ ಇತ್ತ ತಲೆ ಹಾಕುವಂತಿಲ್ಲ. ಅವಧಿ ಆಚಂದ್ರಾರ್ಕ, ಸೂರ್ಯಚಂದ್ರರಿರುವ ತನಕ. ಕಡೆಯಲ್ಲಿ ಶಾಪಾಶಯ: ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ, ಅರವತ್ತು ಸಾವಿರ ವರ್ಷ ಅವನು ಹೇಲಿನ ಹುಳುವಾಗಿ ಬಿದ್ದಿರಲಿ. ನಮ್ಮ ವಿಜ್ಞಾನ ಅನುದಾನದ ಪತ್ರಗಳಲ್ಲಿ ಇದೆಲ್ಲಕ್ಕೂ ಒಂದೊಂದು ಬದಲಿ ಸಿಕ್ಕಿದೆ. ಆಚಂದ್ರಾರ್ಕದ ಜಾಗದಲ್ಲಿ ಮಾರ್ಚ್ 31 ಕೂತಿದೆ. ಸರ್ವಬಾಧಾಪರಿಹಾರದ ಜಾಗದಲ್ಲಿ ಜಿಎಸ್‌ಟಿ ಕೂತಿದೆ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗಿದ್ದ ಶೇ 5ರ ರಿಯಾಯಿತಿ ದರವನ್ನು 2022ರ ಜುಲೈನಲ್ಲಿ ತೆಗೆದು ಶೇ 18 ಮಾಡಿದರು. ಕೊಡುವ ಕೈಗೆ ಗೊತ್ತಾಗದಂತೆ ಕಸಿದುಕೊಳ್ಳುವ ಕೈ ಕೆಲಸ ಮಾಡಬೇಕೆಂಬುದು ದಾನಧರ್ಮದ ಹೊಸ ಸೂತ್ರ. ಶಾಪಾಶಯವಂತೂ ಇಲ್ಲವೇ ಇಲ್ಲ. ಅಳಿದವನಿಗೆ ಬಡ್ತಿ.

ಕಣ ವೇಗವರ್ಧಕ ಎಂಬ ಯಂತ್ರಕ್ಕೆ ಈ ಪದ್ಧತಿ ಎಷ್ಟು ಹೊಂದುತ್ತದೆ ನೋಡಿ. ವಿದ್ಯುತ್ತಿನಿಂದ ಕಣವನ್ನು ತಳ್ಳುವುದು, ಅಯಸ್ಕಾಂತದಿಂದ ಬಾಗಿಸುವುದು, ಮತ್ತೆ ತಳ್ಳುವುದು: ಹೇಳಲು ಇಷ್ಟೇ, ಕಟ್ಟಲು ಇಪ್ಪತ್ತು ವರ್ಷ. ಸರಕಾರದ ಆಯುಸ್ಸು ಐದು ವರ್ಷ, ಬಜೆಟ್ಟಿನದು ಒಂದು. ಮಂತ್ರಿಯ ಖಾತೆಯದನ್ನು ಕೇಳಲೇಬೇಡಿ. ಭೌತವಿಜ್ಞಾನಿ ಮೇಘನಾದ ಸಹಾ ಕಲ್ಕತ್ತೆಯಲ್ಲಿ ಸೈಕ್ಲೋಟ್ರಾನ್ ಎಂಬ ಇಂಥದೇ ಯಂತ್ರ ಕಟ್ಟಲು ಹೊರಟಾಗ ಶಿಷ್ಯ ನಾಗಚೌಧರಿಯನ್ನು ಅಮೆರಿಕದ ಬರ್ಕ್ಲಿಗೆ ಕಳುಹಿಸಿದರು, ಟಾಟಾ ದತ್ತಿಯಿಂದ 60,000 ರೂಪಾಯಿ ಪಡೆದರು. 1941ರಲ್ಲಿ ಕೆಲವು ಭಾಗಗಳು ಬಂದವು. ನಿರ್ವಾತ ಪಂಪುಗಳನ್ನು ತರುತ್ತಿದ್ದ ಹಡಗನ್ನು ಜಪಾನಿಯರು ಮುಳುಗಿಸಿದರು. ಯಂತ್ರ ಒಂದು ಹದಕ್ಕೆ ಬರುವಷ್ಟರಲ್ಲಿ ಯುದ್ಧ ಮುಗಿದು, ದೇಶ ಒಡೆದು, ಸಹಾ ಅವರೇ ತೀರಿಕೊಂಡಿದ್ದರು. ಹಾಗಿದ್ದೂ ಆ ತಡಕ್ಕೆ ಒಂದು ಮರ್ಯಾದೆಯಿತ್ತು, ಟಾರ್ಪೆಡೋ ಎಂಬ ಗೌರವಯುತ ಕಾರಣವಿತ್ತು. ಈಗ ಸಮುದ್ರ ಶಾಂತವಾಗಿದೆ, ಹಡಗುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ, ಯಂತ್ರ ಮಾತ್ರ ತಡ. ಅದೇ ಕಲ್ಕತ್ತೆಯಲ್ಲಿ 1977ರಲ್ಲಿ ಮೊದಲ ಕಿರಣ ಕೊಟ್ಟ ಸೈಕ್ಲೋಟ್ರಾನಿನ ಪಕ್ಕ ಅತಿವಾಹಕ ಅಯಸ್ಕಾಂತದ ಇನ್ನೊಂದನ್ನು ಕಟ್ಟಿದರು. 2009ರಲ್ಲಿ ಅದರೊಳಗೆ ಕಿರಣ ತಿರುಗಿತು. ಕಿರಣ ಹೊರಗೆ ಬರಲು ಮತ್ತೆ ವರ್ಷಗಟ್ಟಲೆ ಹಿಡಿಯಿತು. ವಿಜ್ಞಾನಿಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಮೂವತ್ತರಲ್ಲಿ ಯೋಜನೆ ಬರೆದು ಅರವತ್ತರಲ್ಲಿ ಬೀಳ್ಕೊಡುಗೆ ಶಾಲು ಹೊದ್ದವರನ್ನು ಬೈದು ಪಾಪ ಕಟ್ಟಿಕೊಳ್ಳುವುದೇಕೆ?

ನಮಗೆ ಕಟ್ಟಲು ಬರುವುದಿಲ್ಲ ಎಂದೇನೂ ಅಲ್ಲ. ಜಿನೀವಾದ ಸರ್ನ್ ಸಂಸ್ಥೆಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಆ ಭಾರಿ ಅಯಸ್ಕಾಂತಗಳನ್ನು ಹೊತ್ತು ನಿಂತಿರುವುದು ಭಾರತ ಕಳುಹಿಸಿದ ಸುಮಾರು 7,000 ಜ್ಯಾಕುಗಳು. ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾದವೂ ಅದರಲ್ಲಿವೆ. ಹಿಗ್ಸ್ ಬೋಸಾನ್ ಸಿಕ್ಕಾಗ ಕೆಳಗೆ ಭಾರ ಹೊತ್ತಿದ್ದು ನಮ್ಮ ಕಬ್ಬಿಣವೇ. ಅಂಗಳದಲ್ಲಿ ನಟರಾಜನೂ ಇದ್ದಾನೆ, 2004ರಲ್ಲಿ ಭಾರತ ಸರಕಾರ ಕೊಟ್ಟ ಕಾಣಿಕೆ. ಷಿಕಾಗೋ ಬಳಿಯ ಫರ್ಮಿಲ್ಯಾಬಿನ ಹೊಸ ಯಂತ್ರಕ್ಕೂ ನಮ್ಮ ಅಣುಶಕ್ತಿ ಇಲಾಖೆಯ ಪ್ರಯೋಗಾಲಯಗಳಿಂದ ಸಾಮಾನು ಹೋಗುತ್ತಿದೆ. ಊರವರ ಕೆಲಸ ಆಗುತ್ತದೆ, ಮನೆಯ ಕೆಲಸ ಆಗುವುದಿಲ್ಲ. ಕಾರಣ ಸರಳ. ಅಲ್ಲಿ ಒಪ್ಪಂದಪತ್ರವಿದೆ, ಇಷ್ಟು ದಿನಕ್ಕೆ ಇಷ್ಟು ಎಂದು ಸಹಿ ಹಾಕಿದ್ದೇವೆ, ತಪ್ಪಿದರೆ ನಾಲ್ಕು ದೇಶದವರ ಮುಂದೆ ಮಾನ ಹೋಗುತ್ತದೆ. ಅದೇ ಅವರ ಶಾಪಾಶಯ.

ಕರ್ನಾಟಕದ ಲೆಕ್ಕ ತೆಗೆದರೆ ಹೊಟ್ಟೆ ಉರಿಯುತ್ತದೆ. ದೇಶದ ವೇಗವರ್ಧಕಗಳ ದೊಡ್ಡ ಕೇಂದ್ರಕ್ಕೆ ತುಮಕೂರು ಜಿಲ್ಲೆಯ ಭೌತವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿದೆ. ಕೇಂದ್ರ ಇರುವುದು ಇಂದೋರಿನಲ್ಲಿ. ನಮ್ಮ ಪಾಲಿಗೆ ಬಂದದ್ದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್, 1995ರಲ್ಲಿ ಇಂದೋರಿನವರ ನೆರವಿನಿಂದ ಬಂದ 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಪುಟ್ಟ ಯಂತ್ರ. ಪುಟ್ಟದಾದ ಕಾರಣಕ್ಕೋ ಏನೋ, ಬೀಜ, ಹರಳು, ಪಾಲಿಮರ್ ಎಂದು ಸದ್ದಿಲ್ಲದೆ ದುಡಿದಿದೆ. ಅದನ್ನು ನೋಡಲು ಯಾವ ಮಂತ್ರಿಯೂ ಹೆಲಿಕಾಪ್ಟರಿನಲ್ಲಿ ಇಳಿದ ಸುದ್ದಿ ನಾನು ಓದಿಲ್ಲ. ಇಂದೋರಿನವರು ತಮ್ಮೂರ ಹಣ್ಣು ತರಕಾರಿ ಮಂಡಿಯ ಬಳಿ ಎಲೆಕ್ಟ್ರಾನ್ ಕಿರಣದ ಸಂಸ್ಕರಣಾ ಘಟಕ ಕಟ್ಟಿಕೊಂಡರು. ಸಾಂಬಾರ ಪದಾರ್ಥದ ಸೂಕ್ಷ್ಮಾಣು, ಧಾನ್ಯದ ಹುಳು ಕೊಲ್ಲುವುದು ಅಂಥ ಕಿರಣಕ್ಕೆ ನೀರು ಕುಡಿದಷ್ಟು ಸುಲಭ. ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಇದೆ, ಅಂಗಳ ತುಂಬ ಕೆಂಪು ಹಾಸಿದ ಮೆಣಸಿನಕಾಯಿ ಇದೆ. ಆ ಕಾಯಿಗೆ ಸಿಕ್ಕ ಕಿರಣ ಬಿಸಿಲಿನದೊಂದೇ. ಸರಕಾರ ಅದಕ್ಕೂ ಉದ್ಘಾಟನೆ ಇಟ್ಟುಕೊಂಡಿಲ್ಲ ಎಂಬುದು ಸಮಾಧಾನ.

‘ಆಡೂರಿಗೂ ಈ ಯಂತ್ರಕ್ಕೂ ಏನ್ರೀ ಸಂಬಂಧ?’ ಎನ್ನುವವರಿದ್ದಾರೆ. ಹಾನಗಲ್ಲಿನಿಂದ ಹುಬ್ಬಳ್ಳಿ ಬಸ್ಸು ಹತ್ತಿ ‘ಕರೆಂಟ್ ಕೊಡಸಾಕ’ ಹೋಗುವ ಕ್ಯಾನ್ಸರ್ ರೋಗಿಯನ್ನು ಕೇಳಲಿ. ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಅವರ ತಲೆಯ ಮೇಲೆ ತಿರುಗುವುದು ರೇಖೀಯ ವೇಗವರ್ಧಕ, ಸೈಕ್ಲೋಟ್ರಾನಿನ ದಾಯಾದಿ. ಇಂಥವನ್ನು ನಾವು ಬಹುಪಾಲು ಅಮೆರಿಕ, ಯುರೋಪಿನ ಕಂಪನಿಗಳಿಂದ ಕೊಳ್ಳುತ್ತೇವೆ. ಮುಂಬಯಿಯ ಸಮೀರ್ ಸಂಸ್ಥೆ ದೇಶಿ ಯಂತ್ರ ಮಾಡಿ ‘ಸಿದ್ಧಾರ್ಥ’ ಎಂದು ಹೆಸರಿಟ್ಟಿತು. ಹೆಸರಿಡುವ ಮುಂಚೆ ಯೋಚಿಸಬೇಕಿತ್ತು. ಕೆಲವು ಆಸ್ಪತ್ರೆಗಳಲ್ಲಿ ತಂಗಿದನೇ ಹೊರತು ಸಿದ್ಧಾರ್ಥ ಸಂಸಾರ ಹೂಡಲಿಲ್ಲ.

ದುಡ್ಡಿಲ್ಲವೇ? ಇದೆ, ಲೆಕ್ಕವೂ ಇದೆ. ಒಟ್ಟು ದೇಶೀಯ ಉತ್ಪನ್ನದ ಪ್ರತಿ ನೂರು ರೂಪಾಯಿಯಲ್ಲಿ ಸಂಶೋಧನೆಗೆ ಹೋಗುವುದು 64 ಪೈಸೆ. ವಿದ್ಯೆಗಳು ಅರವತ್ನಾಲ್ಕು, ತಲಾ ಒಂದು ಪೈಸೆ, ಯಾರಿಗೂ ಅನ್ಯಾಯವಿಲ್ಲ. ಕಣ ಭೌತಶಾಸ್ತ್ರ ತನ್ನ ಪೈಸೆಯನ್ನು ಚೋರವಿದ್ಯೆಯ ಪಕ್ಕದಲ್ಲೇ ಸಾಲಿನಲ್ಲಿ ನಿಂತು ಪಡೆಯಬೇಕು, ಆ ವಿದ್ಯೆಗೆ ಬೇರೆ ಆದಾಯವಿದೆ ಎಂಬುದು ಬೇರೆ ಮಾತು. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಎಂಬ ಉಸಿರು ಕಟ್ಟುವ ಹೆಸರಿನ ಸಂಸ್ಥೆಗೆ ಕಾಯಿದೆ ಬಂತು. ಐದು ವರ್ಷಕ್ಕೆ 50,000 ಕೋಟಿ ಎಂದು ಘೋಷಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿದರೆ ಅದರಲ್ಲಿ 36,000 ಕೋಟಿ ಉದ್ಯಮಿಗಳು, ದಾನಿಗಳು ಮುಂತಾದವರಿಂದ ಬರಬೇಕಾದದ್ದು. ಹನುಮಪ್ಪನ ಗುಡಿಯ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಓಣಿ ಸುತ್ತುವ ಸಮಿತಿಯೂ ಮೊದಲು ತನ್ನ ಪಾಲಿನ ಹಣ ಇಟ್ಟು ಆಮೇಲೆ ಬಾಗಿಲು ಬಡಿಯುತ್ತದೆ.

ಅಮೆರಿಕದವರೂ ಇಂಥ ಯಂತ್ರವನ್ನು ನಡುವೆ ಕೈಬಿಟ್ಟಿದ್ದಾರೆ ಎಂದು ಸಮರ್ಥಿಸುವವರು ಟೆಕ್ಸಾಸಿನ ಕಥೆ ತೆಗೆಯುತ್ತಾರೆ. 87 ಕಿಲೋಮೀಟರ್ ಸುತ್ತಳತೆಯ ಸೂಪರ್ ಕೊಲೈಡರ್, 22 ಕಿಲೋಮೀಟರಿಗೂ ಹೆಚ್ಚು ಸುರಂಗ ತೋಡಿ ಸುಮಾರು 200 ಕೋಟಿ ಡಾಲರ್ ಸುರಿದ ಮೇಲೆ 1993ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ರದ್ದು ಮಾಡಿತು. ನಿಜ. ಆದರೆ ಅವರು ಸಭೆ ಸೇರಿ, ವಾದಿಸಿ, ಮತ ಹಾಕಿ ಕೊಂದರು. ಯಾರು ಕೊಂದರು ಎಂಬುದಕ್ಕೆ ದಾಖಲೆ ಇದೆ. ನಮ್ಮಲ್ಲಿ ಯೋಜನೆಗೆ ಸಾವಿಲ್ಲ. ಕಡತ ‘ಪರಿಶೀಲನೆಯಲ್ಲಿ’ ಇರುತ್ತದೆ. ಶ್ರಾದ್ಧ ಮಾಡೋಣವೆಂದರೆ ತಿಥಿಯೇ ಗೊತ್ತಿಲ್ಲ.

ಆದ್ದರಿಂದ ನನ್ನದೊಂದು ಕರಡು. ಹಣಕಾಸು ಸಚಿವಾಲಯ ಬೇಕಾದರೆ ತಿದ್ದಿಕೊಳ್ಳಲಿ, ಕಲ್ಲು ನಾವು ಕೊಡುತ್ತೇವೆ.

ಸ್ವಸ್ತಿ. ಶ್ರೀಮತ್ ಭಾರತ ಸರಕಾರವು ದೆಹಲಿಯ ನೆಲೆವೀಡಿನಲ್ಲಿ ಸುಖಸಂಕಥಾ ವಿನೋದದಿಂದ ರಾಜ್ಯವಾಳುತ್ತಿರಲು, ಹಾವೇರಿ ನಾಡ ಮೆಣಸಿನಕಾಯಿಗೂ ರೋಗಿಗಳಿಗೂ ಉಪಕಾರವಾಗಲೆಂದು ಎಲೆಕ್ಟ್ರಾನ್ ಯಂತ್ರವೊಂದಕ್ಕೆ ಕೊಟ್ಟ ದತ್ತಿ. ಮೂಡಲು ಹೆದ್ದಾರಿ, ಪಡುವಲು ಕೆರೆ, ತೆಂಕಲು ಬೆಟ್ಟ, ಬಡಗಲು ಲೆಕ್ಕಪರಿಶೋಧಕರು. ಇದು ಜಿಎಸ್‌ಟಿ ಸಹಿತ ಸರ್ವಬಾಧಾಪರಿಹಾರ. ಮಾರ್ಚ್ 31 ಇದನ್ನು ಮುಟ್ಟಲಾಗದು. ಈ ದತ್ತಿಯನ್ನು ಪರಿಷ್ಕೃತ ಅಂದಾಜಿನಲ್ಲಿ ಕತ್ತರಿಸಿದವನು ಅರವತ್ತು ಸಾವಿರ ವರ್ಷ ಕಿರಿಯ ಸಂಶೋಧಕನಾಗಿ ಹುಟ್ಟಿ ಹುಟ್ಟಿ ಶಿಷ್ಯವೇತನಕ್ಕೆ ಕಾಯುವನು. ತಡಮಾಡಿದವನು ಅಷ್ಟೇ ಕಾಲ ಬಳಕೆ ಪ್ರಮಾಣಪತ್ರವನ್ನು ಮೂರು ಪ್ರತಿಗಳಲ್ಲಿ ತುಂಬುವನು. ಕಟ್ಟಡ ಏಳುವ ಮೊದಲೇ ಫಲಕದಲ್ಲಿ ಹೆಸರು ಹಾಕಿಸಿಕೊಂಡವನು ಆ ಫಲಕ ಒರೆಸುವವನಾಗಿ ನೇಮಕಗೊಳ್ಳುವನು, ಅದೂ ಹೊರಗುತ್ತಿಗೆಯ ಮೇಲೆ. ಮಂಗಳ ಮಹಾಶ್ರೀ. ಈ ಶಾಸನವನ್ನು ಕೊರೆದ ರೂವಾರಿಯ ಬಿಲ್ಲು ಪರಿಶೀಲನೆಯಲ್ಲಿದೆ.